ಪುಟ್ಟ ಬಾತ್‌ರೂಮಲ್ಲಿ ಬಣ್ಣ ಎಲ್ಲಿ ಬೇಕು, ಎಲ್ಲಿ ಬೇಡ

ಪ್ರಶ್ನೆ: ನಮ್ಮನೇಲಿ ಇರೋದು ಒಂದೇ ಬಾತ್‌ರೂಮು, ಸುಮಾರು 5 ಅಡಿ 8 ಅಡಿ, ಒಂದು ಸಣ್ಣ ಕಿಟಕಿ ಇದೆ. 4 ವರ್ಷದ ಮಗಳು, 8 ವರ್ಷದ ಮಗ, ಜೊತೆಗೆ 70 ದಾಟಿರೋ ಅತ್ತೆ. ಹಳೇದೆಲ್ಲಾ ಒಡೆಸಿ ಹೊಸದಾಗಿ ಮಾಡಿಸ್ತಾ ಇದೀವಿ. ನಂಗೆ ಕಲರ್‌ಫುಲ್ಲಾಗಿ, ಮಕ್ಕಳು ಖುಷಿಯಿಂದ ಸ್ನಾನಕ್ಕೆ ಓಡಿ ಹೋಗೋ ಥರ ಬೇಕು. ನಮ್ಮೆಜಮಾನ್ರು ಬಿಳಿ ಬಿಟ್ಟು ಬೇರೇನೂ ಬೇಡ, ಎರಡು ವರ್ಷಕ್ಕೆ ಬೇಜಾರಾಗತ್ತೆ, ಬಿಳಿ ಆದ್ರೆ ಕ್ಲೀನಾಗಿರತ್ತೆ ಅಂತಾರೆ. ಯಾವ ಬಣ್ಣ, ಎಲ್ಲೆಲ್ಲಿ ಹಾಕ್ಬೇಕು? ಹಳೇ ಬಾತ್‌ಟಬ್ ಇಟ್ಕೋಬೇಕಾ ತೆಗೀಬೇಕಾ?

ಉತ್ತರ: ಮೊದ್ಲು ನಿಮ್ಮಿಬ್ಬರ ವಾದ ಮುಗಿಸೋಣ, ಯಾಕಂದ್ರೆ ಅದು ಮುಗೀದೆ ಟೈಲ್ ಆರ್ಡರ್ ಮಾಡಿದ್ರೆ ಆಮೇಲೆ ಪ್ರತಿ ಸ್ನಾನಕ್ಕೂ ಒಂದು ಮಾತು ಬರತ್ತೆ. ಬೇಜಾರಾಗತ್ತೆ ಅನ್ನೋ ಅವರ ಭಯ ಸುಳ್ಳಲ್ಲ. ಕಮೋಡು ಬೇಸಿನ್ನಿಗೆಲ್ಲ ಬಣ್ಣ ಬಂದಿದ್ದು ಇವತ್ತು ನಿನ್ನೆ ಅಲ್ಲ, ಅಮೆರಿಕದ ಕೋಹ್ಲರ್ ಕಂಪನಿ 1927ರಲ್ಲೇ ಬಣ್ಣದ ಸೆಟ್‌ಗಳನ್ನ ಮಾರ್ಕೆಟ್ಟಿಗೆ ತಂದಿತ್ತು, ಆಮೇಲೆ 1950ರ ದಶಕದಲ್ಲಿ ಅಲ್ಲಿ ಎಲ್ಲಿ ನೋಡಿದ್ರೂ ಗುಲಾಬಿ ಬಾತ್‌ರೂಮು, 1970ರ ದಶಕದಲ್ಲಿ ಬ್ರಿಟನ್ನಲ್ಲಿ ಬೆಣ್ಣೆಹಣ್ಣಿನ ಹಸಿರು ಬಣ್ಣದ್ದು. ಫ್ಯಾಷನ್ ಹೋದ ಮೇಲೆ ಆ ಹಸಿರು ಟಬ್ಬುಗಳನ್ನ ಜನ ಕಿತ್ತು ಎಸೆದ್ರು. ಟಬ್ಬು ಕಮೋಡು ಬದಲಾಯಿಸ್ಬೇಕು ಅಂದ್ರೆ ಪ್ಲಂಬಿಂಗ್ ಮುಟ್ಬೇಕು, ನೆಲ ಒಡೀಬೇಕು. ಅದಕ್ಕೇ ನಾನು ಹೇಳೋದು, ಒಡೆದ್ರೆ ಮಾತ್ರ ಬದಲಾಗೋ ವಸ್ತುಗಳನ್ನ ಎಜಮಾನ್ರಿಗೆ ಬಿಟ್ಟುಬಿಡಿ, ಕಮೋಡು, ಬೇಸಿನ್ನು ಬಿಳೀದೇ ಇರ್ಲಿ. ಸ್ಕ್ರೂ ಬಿಚ್ಚಿದ್ರೆ, ಬ್ರಷ್ ಹಿಡಿದ್ರೆ ಬದಲಾಗೋದೆಲ್ಲ ನಿಮ್ದು, ಗೋಡೆ ಪೇಂಟು, ಕಮೋಡಿನ ಸೀಟು, ಕೊಕ್ಕೆ, ಕ್ಯಾಬಿನೆಟ್ ಬಾಗಿಲು, ಟವೆಲ್ಲು. ಟೈಲ್ ಇವೆರಡರ ಮಧ್ಯ ಬರತ್ತೆ, ಅದರ ಬಗ್ಗೆ ಮುಂದೆ ಹೇಳ್ತೀನಿ.

ಇನ್ನು ನಿಮಗೆ ಒಂದು ಮಾತು. ಬರೀ ಚೆಂದಕ್ಕೆ ಅಂತ ಬಣ್ಣ ಹಾಕಿದ್ರೆ ಎಜಮಾನ್ರು ಹೇಳಿದ್ದೇ ಆಗತ್ತೆ. ಪ್ರತಿ ಬಣ್ಣಕ್ಕೂ ಒಂದು ಕೆಲಸ ಕೊಡಿ. ನಿಮ್ಮ ಅತ್ತೆಗೆ ರಾತ್ರಿ ಕಮೋಡ್ ಎಲ್ಲಿದೆ ಅಂತ ಕಾಣ್ಬೇಕು, ಮಗಳಿಗೆ ತನ್ನ ಟವೆಲ್ ಯಾವ್ದು ಗೊತ್ತಾಗ್ಬೇಕು, ಮಗನಿಗೆ ಬಿಸಿನೀರಿನ ನಲ್ಲಿ ಯಾವ ಕಡೆ ಅಂತ ಕಾಣ್ಬೇಕು. ಇಂಥ ಕೆಲಸ ಮಾಡೋ ಬಣ್ಣ ಹತ್ತು ವರ್ಷ ಆದ್ರೂ ಬೇಜಾರಾಗಲ್ಲ.

ಅತ್ತೆಯವರಿಂದಲೇ ಶುರು ಮಾಡ್ತೀನಿ, ಕಲರ್‌ಫುಲ್ ಬಾತ್‌ರೂಮ್ ಅಂದಾಗ ಎಲ್ಲರೂ ಮಕ್ಕಳನ್ನಷ್ಟೇ ಯೋಚಿಸ್ತಾರೆ, ನಿಜವಾಗಿ ಬಣ್ಣದಿಂದ ಜಾಸ್ತಿ ಉಪಯೋಗ ಇರೋದು ವಯಸ್ಸಾದವರಿಗೆ. ವಯಸ್ಸಾದಂಗೆ ಕಣ್ಣೊಳಗಿನ ಲೆನ್ಸು ಹಳದಿಗೆ ತಿರುಗತ್ತೆ, ನೀಲಿ, ನೇರಳೆ, ಹಸಿರು ಒಂದಕ್ಕೊಂದು ಬೆರೆತು ಹೋದಂಗೆ ಕಾಣತ್ತೆ, ಕೆಂಪು, ಕಿತ್ತಳೆ, ಹಳದಿ ಅಷ್ಟು ಮಾಸಲ್ಲ. ಬಿಳಿ ನೆಲ, ಬಿಳಿ ಗೋಡೆ, ಬಿಳಿ ಕಮೋಡು, ಬಿಳಿ ಸೀಟು ಅಂದ್ರೆ ಅವರಿಗೆ ಸೀಟಿನ ಅಂಚು ಎಲ್ಲಿ ಮುಗೀತು ಅಂತಾನೇ ತಿಳಿಯಲ್ಲ, ಅಂದಾಜಿನ ಮೇಲೆ ಕೂರ್ಬೇಕು. ಬಿಳಿ ಕಮೋಡಿಗೆ ಒಂದು ಕಿತ್ತಳೆ ಅಥವಾ ಕೆಂಪು ಸೀಟ್ ಹಾಕಿ ನೋಡಿ, ಮಕ್ಕಳಿಗೆ ತಮಾಷೆ, ಅತ್ತೆಗೆ ಧೈರ್ಯ. ಹಿಡ್ಕೊಳ್ಳೋ ಕಂಬಿನೂ ಹಂಗೇ, ಆಸ್ಪತ್ರೆ ಥರ ಕಾಣೋ ಸ್ಟೀಲ್ ಬದ್ಲು ಗಟ್ಟಿ ಬಣ್ಣದ ಪೌಡರ್ ಕೋಟಿಂಗ್ ಇರೋದು ತಗೊಳ್ಳಿ. ಪೇಂಟ್ ಮತ್ತು ಟೈಲ್ ಕಂಪನಿಯವರು ಬೆಳಕು ಎಷ್ಟು ವಾಪಸ್ ಹೊಡಿಯತ್ತೆ ಅನ್ನೋದಕ್ಕೆ ಎಲ್‌ಆರ್‌ವಿ ಅಂತ ಸೊನ್ನೆಯಿಂದ 100ರ ತನಕ ಒಂದು ನಂಬರ್ ಕೊಡ್ತಾರೆ, ಕಂಬಿಗೂ ಹಿಂದಿನ ಗೋಡೆಗೂ ಕನಿಷ್ಠ 30 ಪಾಯಿಂಟ್ ವ್ಯತ್ಯಾಸ ಇದ್ರೆ ದೃಷ್ಟಿ ಮಂದ ಇರೋರಿಗೂ ಬೇರೆಬೇರೆಯಾಗಿ ಕಾಣತ್ತೆ. ಆ ನಂಬರ್ ಸಿಗ್ಲಿಲ್ಲ ಅಂದ್ರೆ ಫೋನಲ್ಲಿ ಕಪ್ಪು ಬಿಳುಪು ಫೋಟೋ ತೆಗೀರಿ, ಅದರಲ್ಲಿ ಎರಡೂ ಒಂದೇ ಬೂದಿ ಬಣ್ಣ ಕಂಡ್ರೆ ಕಣ್ಣಿಗೂ ಕಷ್ಟವೇ.

ಕಂಬಿಯನ್ನ ನೆಲದಿಂದ ಸುಮಾರು 84ರಿಂದ 91 ಸೆಂ.ಮೀ ಎತ್ತರದಲ್ಲಿ, ಗೋಡೆಗೆ ಆಂಕರ್ ಬೋಲ್ಟ್ ಹಾಕಿ ಕೂರಿಸ್ಬೇಕು, ಅಂದಾಜು 110 ಕೆಜಿ ಎಳೆತ ತಡೀಬೇಕು. ಗಾಳಿ ಹಿಡಿದು ಅಂಟಿಕೊಳ್ಳೋ ರಬ್ಬರ್ ಕಪ್ಪಿನ ಕಂಬಿ ಬೇಡವೇ ಬೇಡ, ಜಾರಿದ ಕ್ಷಣದಲ್ಲೇ ಕಿತ್ಕೊಂಡು ಬರತ್ತೆ. ಟೈಲ್ ಹಾಕೋ ಮುಂಚೆನೇ ಕಂಬಿ ಎಲ್ಲಿ ಬರತ್ತೆ ಅಂತ ಗುರುತು ಮಾಡಿ ಹೇಳಿ.

ಈಗ ನೆಲ. ಇಲ್ಲಿ ನಾನು ಸ್ವಲ್ಪ ಹಠ ಮಾಡ್ತೀನಿ. ನೆಲದ ಮೇಲೆ ಕುಂಟೆಬಿಲ್ಲೆ ಚೌಕ ಬಿಡಿಸೋದು, ಕಲ್ಲಿಂದ ಕಲ್ಲಿಗೆ ಹಾರೋ ಥರ ಡಿಸೈನ್ ಮಾಡೋದು ಫೋಟೋದಲ್ಲಿ ಬಹಳ ಮುದ್ದಾಗಿರತ್ತೆ, ಆದ್ರೆ ಒದ್ದೆ ನೆಲದ ಮೇಲೆ ಬಾ ಹಾರು ಅಂತ ಮಗುನ ಕರೆದಂಗೆ ಅದು. ಆಟ ಎಲ್ಲಾ ಗೋಡೆ ಮೇಲಿರ್ಲಿ, ನೆಲ ಸುಮ್ನೆ ಇರ್ಲಿ. ಅತ್ತೆ ಕಡೆಯಿಂದ ನೋಡಿದ್ರೂ ಅಷ್ಟೇ, ತಿಳಿ ನೆಲದ ಮಧ್ಯ ಕಪ್ಪು ಪಟ್ಟಿ, ಕಪ್ಪು ಮ್ಯಾಟು ಇದ್ರೆ ದೃಷ್ಟಿ ಅಥವಾ ನೆನಪಿನ ತೊಂದರೆ ಇರೋ ಹಿರಿಯರಿಗೆ ಅದು ಗುಂಡಿ ಥರ, ಇಲ್ಲಾ ಮೆಟ್ಟಿಲು ಥರ ಕಾಣಬಹುದು, ಅವರು ದಾಟೋಕೆ ಹೋಗಿ ಕಾಲು ತಪ್ತಾರೆ. ಹಂಗಾಗಿ ಪೂರ್ತಿ ನೆಲಕ್ಕೆ ಒಂದೇ ಮಧ್ಯಮ ಬಣ್ಣ, ಬೇಕಿದ್ರೆ ಸಣ್ಣಸಣ್ಣ ಚುಕ್ಕಿ ಇರೋ ಟೆರಾಜೋ ಥರದ್ದು. ಟೈಲ್ ತಗೊಳ್ಳುವಾಗ ಜಾರುವಿಕೆಯ ರೇಟಿಂಗ್ ಕೇಳಿ. ಜರ್ಮನ್ ಸ್ಟ್ಯಾಂಡರ್ಡ್ ಪ್ರಕಾರ ಆರ್ 9ರಿಂದ ಆರ್ 13 ತನಕ ಇರತ್ತೆ, ಮನೆ ಬಾತ್‌ರೂಮಿಗೆ ಆರ್ 10 ಅಥವಾ ಆರ್ 11 ನೋಡಿ. ಆದ್ರೆ ಆ ಟೆಸ್ಟ್ ಮಾಡೋದು ಶೂ ಹಾಕ್ಕೊಂಡು, ಬರಿಗಾಲಿಗೆ ಬೇರೆನೇ ಎ, ಬಿ, ಸಿ ಅಂತ ಕ್ಲಾಸ್ ಇದೆ, ಸ್ನಾನ ಮಾಡೋ ಜಾಗಕ್ಕೆ ಬಿ ಇದ್ರೆ ಒಳ್ಳೇದು. ಆರ್ 12, 13 ಅಂತ ಜಾಸ್ತಿ ಒರಟಿನದ್ದು ತರ್ಬೇಡಿ, ಮಕ್ಕಳ ಮಂಡಿ ತರಚತ್ತೆ, ಕೊಳೆ ಕೂತ್ರೆ ಉಜ್ಜೋಕೂ ಆಗಲ್ಲ.

ಶವರ್ ಕೆಳಗಡೆ ಮಾತ್ರ 5 ಸೆಂ.ಮೀ ಚೌಕದ ಸಣ್ಣ ಮೊಸಾಯಿಕ್ ಹಾಕ್ಸಿ. ಸಂದಿ ಜಾಸ್ತಿ ಇರೋದ್ರಿಂದ ಕಾಲಿಗೆ ಹಿಡಿತ ಸಿಗತ್ತೆ, ಇನ್ನೊಂದು ಅಂದ್ರೆ ನೀರು ಹರಿಯೋ ವಾಟ ನಾಲ್ಕೂ ಕಡೆಯಿಂದ ಜಾಲರಿ ಕಡೆ ಬರ್ಬೇಕಲ್ಲ, ಮೀಟರಿಗೆ ಹತ್ತಿರತ್ತಿರ 2 ಸೆಂ.ಮೀ, ದೊಡ್ಡ ಟೈಲ್ ಆದ್ರೆ ಕತ್ತರಿಸಿ ಕತ್ತರಿಸಿ ಕೂರಿಸ್ಬೇಕು, ಸಣ್ಣದು ಇಳಿಜಾರಿಗೆ ತಾನಾಗೇ ಹೊಂದ್ಕೊಳ್ಳತ್ತೆ. ಇದೆಲ್ಲದಕ್ಕೂ ಮುಂಚೆ ವಾಟರ್‌ಪ್ರೂಫಿಂಗು. ನೆಲಕ್ಕೆ ಪೂರ್ತಿ, ಶವರ್ ಗೋಡೆಗೆ ಕನಿಷ್ಠ 1.8 ಮೀಟರ್ ಎತ್ತರಕ್ಕೆ. ಕೋಟಿಂಗ್ ಒಣಗಿದ ಮೇಲೆ ಜಾಲರಿ ಮುಚ್ಚಿ ನೀರು ನಿಲ್ಲಿಸಿ 24 ಗಂಟೆ ಬಿಡಿ, ಕೆಳಗಡೆ, ಪಕ್ಕದ ಗೋಡೆಗೆ ತೇವ ಬರ್ಲಿಲ್ಲ ಅಂದ್ರೇನೇ ಟೈಲ್ ಹಾಕೋಕೆ ಬಿಡಿ.

ಗೋಡೆ ಟೈಲಿಗೆ ಬರೋಣ, ಎಜಮಾನ್ರ ಬಿಳಿನೂ ನಿಮ್ಮ ಬಣ್ಣನೂ ಇಲ್ಲಿ ಒಂದಾಗತ್ತೆ. 10 ಸೆಂ.ಮೀ ಚೌಕದ ಸಾದಾ ಬಿಳಿ ಗ್ಲೇಸ್ಡ್ ಟೈಲ್ ತಗೊಳ್ಳಿ, ಸಂದಿಗೆ ಬಣ್ಣದ ಗ್ರೌಟ್ ತುಂಬಿಸಿ. ಕಿತ್ತಳೆನೋ, ಗಿಳಿ ಹಸಿರೋ, ಆಕಾಶ ನೀಲಿನೋ, ಗೋಡೆ ಪೂರ್ತಿ ಗ್ರಾಫ್ ಪೇಪರಿನ ಥರ ಕಾಣತ್ತೆ, ನೋಡಿದ ತಕ್ಷಣ ಖುಷಿ ಆಗತ್ತೆ. ಇದಕ್ಕೆ ಎಪಾಕ್ಸಿ ಗ್ರೌಟೇ ಬೇಕು, ಅಂದ್ರೆ ಸಿಮೆಂಟ್ ಬದ್ಲು ಗಟ್ಟಿಯಾಗೋ ರೆಸಿನ್ ಅಂಟಲ್ಲಿ ಮಾಡಿದ್ದು. ಸಿಮೆಂಟ್ ಗ್ರೌಟ್ ನೀರು ಹೀರತ್ತೆ, ಬಣ್ಣ ಮಾಸತ್ತೆ, ಬೂಸ್ಟು ಕೂರತ್ತೆ, ಎಪಾಕ್ಸಿ ನೀರು ಹೀರಲ್ಲ, ಸೀಲರ್ ಹೊಡೆಯೋ ಗೊಡವೆನೂ ಇಲ್ಲ. ಆದ್ರೆ ಕಲಸಿದ ಮೇಲೆ ಬೇಗ ಗಟ್ಟಿ ಆಗತ್ತೆ, ಟೈಲ್ ಮೇಲೆ ಅಂಟಿದ ತೆಳು ಪದರ ಆಗಲೇ ಒರೆಸ್ದೇ ಬಿಟ್ರೆ ಆಮೇಲೆ ಬಿಡಿಸೋದು ದೊಡ್ಡ ಪಾಡು, ಹಂಗಾಗಿ ಇದನ್ನ ಮುಂಚೆ ಮಾಡಿ ಅಭ್ಯಾಸ ಇರೋರಿಗೇ ಕೊಡಿ, ಮೊದ್ಲು ನಾಲ್ಕು ಟೈಲ್ ಮೇಲೆ ಟ್ರಯಲ್ ಮಾಡ್ಸಿ. ಎಪಾಕ್ಸಿ ಹಾಕಿದೀವಲ್ಲ ಅಂತ ವಾಟರ್‌ಪ್ರೂಫಿಂಗ್ ಬಿಡೋ ಹಾಗಿಲ್ಲ. ನೆಲದ ಸಂದಿಗೆ ಮಾತ್ರ ಬಿಳಿ ಬೇಡ, ಎಷ್ಟು ಉಜ್ಜಿದ್ರೂ ಕೊನೆಗೆ ಅದು ಬೂದಿ ಬಣ್ಣಕ್ಕೇ ಬರೋದು, ಮೊದ್ಲೇ ಬೂದಿ ಹಾಕ್ಬಿಡಿ.

ಬಿಳಿ ಟೈಲ್ ಮಧ್ಯ ಅಲ್ಲಲ್ಲಿ ಬಣ್ಣದ ಟೈಲ್ ಎರಚಿದಂಗೆ ಬೇಕು ಅನ್ಸಿದ್ರೆ ಅದೂ ಚೆನ್ನಾಗಿರತ್ತೆ. ಆದ್ರೆ "ಹಂಗೇ ಸುಮ್ನೆ ಮಿಕ್ಸ್ ಮಾಡಿ ಹಾಕಪ್ಪಾ" ಅಂತ ಕೆಲಸದವರಿಗೆ ಬಿಟ್ರೆ ಅದು ಯಾವತ್ತೂ ಎರಚಿದಂಗೆ ಬರಲ್ಲ, ಕೈ ತಾನಾಗೇ ಒಂದು ಲೆಕ್ಕಕ್ಕೆ ಬೀಳತ್ತೆ, ಒಂದು ಬಿಟ್ಟು ಒಂದು, ಇಲ್ಲಾ ಓರೆ ಗೆರೆ. ಹಿಂದಿನ ದಿನ ಹಾಲಲ್ಲಿ ನೆಲದ ಮೇಲೆ ಒಂದು ಗೋಡೆಯಷ್ಟು ಟೈಲ್ ಹರಡಿ, ಮಕ್ಕಳನ್ನೂ ಕರೀರಿ, ಎಲ್ಲಿ ಯಾವ ಬಣ್ಣ ಅಂತ ಅವರೇ ಜೋಡಿಸ್ಲಿ, ಆಮೇಲೆ ಫೋಟೋ ತೆಗೆದು, ಹಿಂದೆ ಪೆನ್ಸಿಲಲ್ಲಿ ಸಾಲು ನಂಬರ್ ಬರೆದು ಕೊಡಿ. ತಾವೇ ಜೋಡಿಸಿದ ಗೋಡೆ ಅಂದ್ರೆ ಮಕ್ಕಳಿಗೆ ಅದರ ಮೇಲಿರೋ ಅಭಿಮಾನವೇ ಬೇರೆ.

ಇನ್ನೊಂದು ನಂಗೆ ತುಂಬಾ ಇಷ್ಟ ಆಗೋ ಐಡಿಯಾ, ಬಾಗಿಲ ಪಕ್ಕ ನೆಲದಿಂದ ಮೇಲಕ್ಕೆ ಒಂದೇ ಸಾಲು ಬಣ್ಣದ ಟೈಲು, ಎತ್ತರ ಅಳೆಯೋ ಪಟ್ಟಿ. ಟೈಲಿನ ನಿಜವಾದ ಅಳತೆಗೆ ಸಂದಿ ಸೇರಿಸಿ ಲೆಕ್ಕ ಹಾಕಿ, 97 ಮಿ.ಮೀ ಟೈಲಿಗೆ 3 ಮಿ.ಮೀ ಸಂದಿ ಸೇರಿದ್ರೆ ಸರಿಯಾಗಿ 10 ಸೆಂ.ಮೀ, ಹತ್ತು ಟೈಲಿಗೆ ಒಂದು ಮೀಟರ್. ಇವತ್ತು ಮಗಳು ಹತ್ತನೇ ಟೈಲಿನ ಹತ್ರ ಇದ್ರೆ ಮುಂದಿನ ಹುಟ್ಟಿದಬ್ಬಕ್ಕೆ ಎಲ್ಲಿರ್ತಾಳೆ ಅಂತ ಅವಳೇ ಲೆಕ್ಕ ಹಾಕ್ತಾಳೆ.

ಗೋಡೆಯ ಕೆಳಗಿನ 1.2 ಮೀಟರ್ ನುಣುಪಾದ ಗ್ಲೇಸ್ಡ್ ಟೈಲೇ ಇರ್ಲಿ ಅಂತ ನಾನು ಒತ್ತಿ ಹೇಳೋಕೆ ಕಾರಣ ಇದೆ. ಫೋಮಿನ ಅಕ್ಷರ, ಪ್ರಾಣಿ ಆಕಾರಗಳನ್ನ ಒದ್ದೆ ಮಾಡಿ ಒತ್ತಿದ್ರೆ ಅದಕ್ಕೆ ಅಂಟ್ಕೊಳ್ಳತ್ತೆ, ಗಮ್ಮು ಬೇಡ, ನೀರಿನ ಪದರವೇ ಹಿಡ್ಕೊಳ್ಳತ್ತೆ. ಸ್ನಾನದ ಕ್ರೇಯಾನಲ್ಲಿ ಗೀಚಿದ್ದೂ ಒಂದು ಚೊಂಬು ನೀರಿಗೆ ಹೋಗತ್ತೆ, ಸಿಮೆಂಟ್ ಗ್ರೌಟ್ ಆಗಿದ್ರೆ ಬಣ್ಣ ಕುಡಿದು ಕೂತ್ಬಿಡತ್ತೆ. ಹಂಗೆ ನೋಡಿದ್ರೆ ಆಟದ ಗೋಡೆಗೆ ನೀವು ಬೇರೇನೂ ಖರ್ಚು ಮಾಡೋದೇ ಬೇಡ.

ಬಿಳಿ ಕ್ಲೀನಾಗಿರತ್ತೆ ಅನ್ನೋ ಎಜಮಾನ್ರ ವಾದಕ್ಕೆ ಉತ್ತರ ಇದು, ಬಿಳಿ ಮೇಲೆ ಕೂದ್ಲು, ಕೊಳೆ ಎದ್ದು ಕಾಣತ್ತೆ, ಕಪ್ಪು ಮತ್ತೆ ಗಾಢ ಬಣ್ಣದ ಹೊಳಪಿನ ಟೈಲು, ಕಪ್ಪು ನಲ್ಲಿ ಇವುಗಳ ಮೇಲೆ ಗಡಸು ನೀರಿನ ಬಿಳಿ ಕಲೆ, ಸೋಪಿನ ಪದರ ಎದ್ದು ಕಾಣತ್ತೆ. ಎರಡನ್ನೂ ಮುಚ್ಚೋದು ಮಧ್ಯದ ಬಣ್ಣಗಳು.

ಯಾವ ಬಣ್ಣ ಅನ್ನೋದಕ್ಕಿಂತ ಮುಂಚೆ ಒಂದು ವಿಷಯ ತಿಳ್ಕೊಳ್ಳಿ. 5 ಅಡಿ 8 ಅಡಿ ಜಾಗದಲ್ಲಿ ಗೋಡೆಗಳು ಎಷ್ಟು ಹತ್ರ ಇರ್ತಾವೆ ಅಂದ್ರೆ ಒಂದರ ಬಣ್ಣ ಇನ್ನೊಂದರ ಮೇಲೆ ಬಿದ್ದು ಎರಡೂ ಗಾಢ ಆಗತ್ತೆ. ಶೇಡ್ ಕಾರ್ಡಲ್ಲಿ ತಿಳಿಯಾಗಿ ಕಂಡ ಹಳದಿ ನಾಲ್ಕು ಗೋಡೆಗೆ ಹೊಡೆದ್ರೆ ಕಣ್ಣು ಕುಕ್ಕತ್ತೆ. ಇಷ್ಟ ಆಗಿದ್ದಕ್ಕಿಂತ ಒಂದೆರಡು ಶೇಡ್ ತಿಳಿಯದ್ದೇ ತಗೊಳ್ಳಿ. ಮುಖದ ಮೇಲೂ ಆ ಬಣ್ಣ ಬೀಳತ್ತೆ, ಕನ್ನಡಿ ಇರೋ ಗೋಡೆ ಮತ್ತೆ ಅದರ ಅಕ್ಕಪಕ್ಕ ಹಸಿರು ಹೊಡೆದ್ರೆ ಎಲ್ಲರೂ ಕಾಯಿಲೆ ಬಿದ್ದೋರ ಥರ ಕಾಣ್ತಾರೆ, ಅಲ್ಲಿ ಕೆನೆ ಬಣ್ಣ, ತಿಳಿ ಗುಲಾಬಿ ಥರ ಬೆಚ್ಚಗಿನ ಬಣ್ಣ ಇರ್ಲಿ. ಗಟ್ಟಿ ಬಣ್ಣ, ಚಿತ್ರ, ಏನು ಬೇಕೋ ಅದು ಕನ್ನಡಿಯ ಎದುರು ಗೋಡೆಗೆ, ಹಲ್ಲುಜ್ಜುವಾಗ ಮಕ್ಕಳಿಗೆ ತಮ್ಮ ಹಿಂದೆ ಅದು ಕಾಣತ್ತೆ, ಒಂದೇ ಗೋಡೆ ಎರಡು ಸಲ ಸಿಕ್ಕಂಗೆ. ನಿಮ್ಮನೆಗೆ ನನ್ನ ಆಯ್ಕೆ ಹೇಳ್ಬೇಕಂದ್ರೆ ಬಿಳಿ ಟೈಲು, ಸಂದಿಗೆ ಕಿತ್ತಳೆ ಗ್ರೌಟು, ಕನ್ನಡಿ ಎದುರು ಟೈಲ್ ಮುಗಿದ ಮೇಲಿನ ಗೋಡೆಗೆ ನವಿಲುಗರಿ ನೀಲಿ ಪೇಂಟು, ಸೀಟು ಕಂಬಿ ಕಿತ್ತಳೆ, ಕ್ಯಾಬಿನೆಟ್ ಬಾಗಿಲು ಸಾಸಿವೆ ಹಳದಿ. ಸೀಲಿಂಗಿಗೂ ತಿಳಿ ನೀಲಿ ಹೊಡೀಬಹುದು, ಬಾತ್‌ರೂಮಿಗೆ ಅಂತಲೇ ಬರೋ ಬೂಸ್ಟು ತಡೆಯೋ ಅಕ್ರಿಲಿಕ್ ಪೇಂಟು, ಸ್ವಲ್ಪ ಹೊಳಪಿರೋದು.

ಈ ಬಣ್ಣಗಳೆಲ್ಲ ಬಲ್ಬ್ ಕೆಟ್ಟದ್ದಾದ್ರೆ ವ್ಯರ್ಥ. 3000 ಕೆಲ್ವಿನ್ ಬೆಚ್ಚಗಿನ ಎಲ್‌ಇಡಿ, ಸಿಆರ್‌ಐ 90ಕ್ಕಿಂತ ಜಾಸ್ತಿ ಇರೋದು ತಗೊಳ್ಳಿ, ಆ ಬೆಳಕಲ್ಲಿ ಬಣ್ಣ ಎಷ್ಟು ನಿಜವಾಗಿ ಕಾಣತ್ತೆ ಅನ್ನೋದಕ್ಕೆ 100ರ ತನಕ ಕೊಡೋ ನಂಬರ್ ಅದು, ಸಿಆರ್‌ಐ ಕಮ್ಮಿ ಇರೋ ಎಲ್‌ಇಡಿಲಿ ಕೆಂಪಿನ ಅಂಶ ಕಡಿಮೆ, ನಿಮ್ಮ ಕಿತ್ತಳೆ ಮಂಕಾಗಿ ಕಾಣತ್ತೆ. ಕನ್ನಡಿಗೆ ಮೇಲಿಂದ ಒಂದೇ ಲೈಟ್ ಬೇಡ, ಎರಡೂ ಪಕ್ಕ ಇರ್ಲಿ, ಮುಖಕ್ಕೆ ನೆರಳು ಬೀಳಲ್ಲ. ಅತ್ತೆಗೂ ಮಕ್ಕಳಿಗೂ ರಾತ್ರಿ ಕಾಲಡಿ ಹತ್ತೋ ಸೆನ್ಸರ್ ಲೈಟ್ ಒಂದು. ಟಬ್ಬು ಅಥವಾ ಶವರ್ ಜಾಗದ ಅಂಚಿಂದ 60 ಸೆಂ.ಮೀ ಒಳಗೆ ಬರೋ ಲೈಟು ಕನಿಷ್ಠ ಐಪಿ 44, ಅಂದ್ರೆ ನೀರು ಸಿಡಿದ್ರೂ ತೊಂದರೆ ಆಗದ ರೇಟಿಂಗು, ಇರ್ಬೇಕು, ಇಡೀ ಬಾತ್‌ರೂಮಿನ ಲೈನಿಗೆ ಕರೆಂಟ್ ಲೀಕ್ ಆದ ಕೂಡ್ಲೇ ಲೈನ್ ಕಟ್ ಮಾಡೋ, 30 ಮಿಲಿಆಂಪಿಗೆ ಟ್ರಿಪ್ ಆಗೋ ಆರ್‌ಸಿಸಿಬಿ ಇರ್ಲೇಬೇಕು. ಇದರಲ್ಲಿ ಉಳಿತಾಯ ನೋಡ್ಬೇಡಿ.

ಮಕ್ಕಳ ಎತ್ತರದ ವಿಷಯ. ಬೇಸಿನ್ ದೊಡ್ಡವರಿಗೆ 80ರಿಂದ 85 ಸೆಂ.ಮೀ ಎತ್ತರಕ್ಕೆ ಸರಿ, ಅದನ್ನ ಮಕ್ಕಳಿಗೋಸ್ಕರ ಇಳಿಸ್ಬೇಡಿ, ನಾಲ್ಕೈದು ವರ್ಷಕ್ಕೆ ಅವರು ಬೆಳೀತಾರೆ, ನಿಮ್ಮೆಲ್ಲರ ಸೊಂಟ ನೋಯತ್ತೆ. ಕೆಳಗಡೆ ಎಳೆದ್ರೆ ಹೊರಗೆ ಬರೋ ಗಟ್ಟಿ ಮೆಟ್ಟಿಲು ಮಾಡ್ಸಿ, 20 ಸೆಂ.ಮೀ ಎತ್ತರ ಸಾಕು, ಬೇಡದಾಗ ಒಳಗೆ ತಳ್ಳಿದ್ರೆ ಅತ್ತೆ ಕಾಲಿಗೆ ಸಿಗಲ್ಲ. ಕನ್ನಡಿ ಉದ್ದದ್ದು ತಗೊಂಡು ಸ್ವಲ್ಪ ಕೆಳಗಿಂದ ಶುರು ಮಾಡಿ, ಒಡೆದ್ರೂ ಚೂರು ಉದುರದಂಗೆ ಹಿಂದೆ ಫಿಲ್ಮ್ ಇರೋದು. ಕೊಕ್ಕೆಗಳು ಒಬ್ಬೊಬ್ಬರಿಗೆ ಒಂದೊಂದು ಬಣ್ಣ, ಬ್ರಷ್ಷು, ಟವೆಲ್ಲು, ಲೋಟ ಎಲ್ಲಾ ಅದೇ ಬಣ್ಣ. ಇದೊಂದು ಮಾಡಿದ್ರೆ ಒದ್ದೆ ಟವೆಲ್ ಯಾರದ್ದು ಅನ್ನೋ ಜಗಳ ಅರ್ಧ ಕಮ್ಮಿ. ಬಣ್ಣದ ಜೊತೆ ಒಂದು ಆಕಾರನೂ ಇಡಿ, ಮೀನು, ನಕ್ಷತ್ರ ಹಿಂಗೆ, ಯಾಕಂದ್ರೆ ಕೆಂಪು ಹಸಿರು ಗೊಂದಲ ಇರೋ ಮಕ್ಕಳಿರ್ತಾರೆ, ಗಂಡು ಮಕ್ಕಳಲ್ಲಿ ಜಾಸ್ತಿ. ಮಕ್ಕಳ ಕೊಕ್ಕೆ ಚೂಪಾದ ಲೋಹದ್ದು ಬೇಡ, ಅದು ಬರೋದು ಸರಿಯಾಗಿ ಅವರ ಕಣ್ಣು ಮುಖದ ಎತ್ತರಕ್ಕೆ, ದುಂಡನೆ ಮರದ ಗುಬುಟು ಹಾಕ್ಸಿ.

ಬಿಸಿನೀರಿನ ಬಗ್ಗೆ ದಯವಿಟ್ಟು ಗಮನ ಕೊಡಿ. 60 ಡಿಗ್ರಿ ನೀರು ದೊಡ್ಡವರ ಚರ್ಮವನ್ನೇ ಸುಮಾರು 5 ಸೆಕೆಂಡಲ್ಲಿ ಸುಡತ್ತೆ, ಮಕ್ಕಳದ್ದು ಇನ್ನೂ ತೆಳು, ವಯಸ್ಸಾದವರು ಬೇಗ ಕೈ ತೆಗೆಯಲ್ಲ. ಹೊಸ ಪ್ಲಂಬಿಂಗ್ ಮಾಡಿಸ್ತಿದೀರಲ್ಲ, ಶವರಿಗೆ ನೀರಿನ ಬಿಸಿನ ಒಂದೇ ಮಟ್ಟದಲ್ಲಿ ಇಡೋ ಥರ್ಮೋಸ್ಟಾಟಿಕ್ ಮಿಕ್ಸರ್ ಹಾಕ್ಸಿ, ಅದರಲ್ಲಿ 38 ಡಿಗ್ರಿಗೆ ತಡೆ ಇರತ್ತೆ, ಬಟನ್ ಒತ್ತಿದ್ರೆ ಮಾತ್ರ ಮುಂದೆ ತಿರುಗೋದು. ಬಿಸಿ ಕಡೆಗೆ ಒಂದು ದೊಡ್ಡ ಕೆಂಪು ಗುರುತು ಹಾಕಿ, ಕೆಂಪನ್ನ ಬೇರೆ ಯಾವ ನಲ್ಲಿಗೂ ಹಾಕ್ಬೇಡಿ.

ಹಳೇ ಬಾತ್‌ಟಬ್ ತೆಗೀರಿ. ಒದ್ದೆ ಕಾಲಲ್ಲಿ ಅಷ್ಟೆತ್ತರದ ಅಂಚು ದಾಟೋದು ಅತ್ತೆಯವರಿಗೆ ಮನೇಲಿರೋ ಅಪಾಯಗಳಲ್ಲೇ ದೊಡ್ಡದು, ಜಾಗನೂ ಮೂರನೇ ಒಂದು ಭಾಗ ತಿಂತಿದೆ. ಮೆಟ್ಟಿಲಿಲ್ಲದ ಶವರ್ ಜಾಗ ಮಾಡಿ, ಮೇಲೆ ಕೆಳಗೆ ಜಾರೋ ಕಂಬಿ ಮೇಲೆ ಹ್ಯಾಂಡ್ ಶವರ್, ಮಡಚೋ ಸೀಟು, ಮಗಳು ಕೂತು ಆಡ್ಲಿ, ಅತ್ತೆ ಕೂತು ಸ್ನಾನ ಮಾಡ್ಲಿ. ಮಗಳಿಗೆ ನೀರಾಟ ಬೇಕೇ ಬೇಕು ಅಂದ್ರೆ ಒಂದು ಬಣ್ಣದ ರಬ್ಬರ್ ಟಬ್ಬು ಸಾಕು, ಆಟ ಮುಗಿದ ತಕ್ಷಣ ನೀರು ಚೆಲ್ಲಿ ಬೋರಲು ಹಾಕಿ. ಎರಡು ಇಂಚು ನೀರಲ್ಲೂ ಪುಟ್ಟ ಮಕ್ಕಳು ಮುಳುಗ್ತಾರೆ, ತುಂಬಿದ ಬಕೆಟ್ಟಿಗೂ ಇದೇ ಮಾತು, ಅವಳು ಒಳಗಿದ್ದಾಗ ಫೋನ್ ಬಂತು ಅಂತ ಒಂದು ನಿಮಿಷವೂ ಹೊರಗೆ ಬರ್ಬೇಡಿ.

ಒತ್ತಿದ್ರೆ ನೀರು ಚಿಮ್ಮೋ ರಬ್ಬರ್ ಬಾತುಕೋಳಿ ಇದೆಯಾ? 2018ರಲ್ಲಿ ಸ್ವಿಟ್ಜರ್ಲೆಂಡ್ ಮತ್ತು ಅಮೆರಿಕದ ಸಂಶೋಧಕರು ಮನೆಗಳಲ್ಲಿ ಬಳಸಿದ ಇಂಥ ಆಟಿಕೆಗಳನ್ನ ಕೊಯ್ದು ನೋಡಿದಾಗ ಒಳಗಡೆ ಬ್ಯಾಕ್ಟೀರಿಯಾ, ಬೂಸ್ಟಿನ ದಪ್ಪ ಪದರವೇ ಇತ್ತು. ತೂತಿಲ್ಲದ ಆಟಿಕೆ ತಗೊಳ್ಳಿ, ನೀರು ಸೋರೋ ಜಾಲರಿ ಬುಟ್ಟಿಲಿ ನೇತುಹಾಕಿ. ಬಾತ್‌ರೂಮಿಗೂ ಹಂಗೇ ಗಾಳಿ ಬೇಕು, ಸಣ್ಣ ಕಿಟಕಿ ನಂಬ್ಕೊಂಡು ಕೂರ್ಬೇಡಿ, ಸೆಕೆಂಡಿಗೆ 25 ಲೀಟರ್ ಗಾಳಿ ಎಳೆಯೋ ಎಕ್ಸಾಸ್ಟ್ ಫ್ಯಾನ್ ಹಾಕ್ಸಿ, ಸ್ನಾನ ಆದ ಮೇಲೂ 20 ನಿಮಿಷ ಓಡ್ಲಿ, ಬಾಗಿಲ ಕೆಳಗೆ ಗಾಳಿ ಒಳಗೆ ಬರೋಕೆ ಸಂದಿ ಇರ್ಲಿ. ಬಾಗಿಲು ಹೊರಗಡೆ ತೆಗೆಯೋ ಥರ, ಚಿಲಕ ಹೊರಗಿಂದ ನಾಣ್ಯದಲ್ಲಿ ತಿರುಗಿಸಿ ತೆಗೆಯೋ ಥರ ಇರ್ಲಿ, ಒಳಗೆ ಬಿದ್ದವರು ಬಾಗಿಲಿಗೆ ಅಡ್ಡ ಬಿದ್ದಿದ್ರೂ ತೆಗೀಬಹುದು.

ಕೊನೆಗೆ ಪೇಂಟು, ಅದನ್ನ ಎಲ್ಲಾ ಮುಗಿದ ಮೇಲೇ ಆರಿಸಿ. ಟೈಲ್ ಕೂತು, ಲೈಟ್ ಹಾಕಿದ ಮೇಲೆ ದೊಡ್ಡ ರಟ್ಟಿಗೆ ಬಣ್ಣ ಹೊಡೆದು ಗೋಡೆಗೆ ಒರಗಿಸಿ, ಬೆಳಿಗ್ಗೆ ಒಂದ್ಸಲ, ರಾತ್ರಿ ಲೈಟಲ್ಲಿ ಒಂದ್ಸಲ ಇಬ್ರೂ ಸೇರಿ ನೋಡಿ. ಟೈಲ್ ತರುವಾಗ ಲೆಕ್ಕಕ್ಕಿಂತ ನೂರಕ್ಕೆ ಹತ್ತು ಜಾಸ್ತಿ ತನ್ನಿ, ಎಲ್ಲಾ ಬಾಕ್ಸ್ ಮೇಲೂ ಒಂದೇ ಬ್ಯಾಚ್ ನಂಬರ್ ಇದೆಯಾ ನೋಡಿ, ಬ್ಯಾಚ್ ಬೇರೆ ಆದ್ರೆ ಬಿಳಿಯಲ್ಲೂ ಎರಡು ಬಿಳಿ ಕಾಣತ್ತೆ. ಉಳಿದ ಟೈಲು ಎತ್ತಿಡಿ, ಗ್ರೌಟು, ಪೇಂಟು ಎರಡರ ಶೇಡ್ ನಂಬರೂ ಕ್ಯಾಬಿನೆಟ್ ಬಾಗಿಲ ಒಳಗಡೆ ಬರೆದಿಡಿ.